ಅಮ್ಮನ ಜೊತೆ ಚ್ವಾನ್‌ಜೋ ಹಳೇ ಊರಿಗೆ ನಾಲ್ಕು ದಿನ: ಲೀಚೆಂಗ್ ಕಡೆ ಹೋಗಿ ಬಂದವರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಕೆಲಸ ಬೆಂಗಳೂರಿನಲ್ಲಿ. ನವೆಂಬರ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಚೀನಾಕ್ಕೆ ಹೋಗಬೇಕು ಅಂತ ಇದ್ದೇನೆ. ಬೀಜಿಂಗ್, ಶಾಂಘೈ ಅಲ್ಲ. ಫೂಜಿಯಾನ್ ಪ್ರಾಂತ್ಯದ ಚ್ವಾನ್‌ಜೋ, ಅದರಲ್ಲೂ ಲೀಚೆಂಗ್ ಅನ್ನೋ ಹಳೇ ಜಿಲ್ಲೆ. ಅಲ್ಲಿ ಕೈಯುವಾನ್ ಅನ್ನೋ ಬೌದ್ಧ ದೇವಾಲಯ ಇದೆ. ಅದರ ಹಿಂಬದಿಯ ಎರಡು ಕಲ್ಲುಕಂಬಗಳಲ್ಲಿ ನರಸಿಂಹ, ಕೃಷ್ಣ ಎಲ್ಲ ಇದ್ದಾರೆ. ಆ ಫೋಟೊ ಅಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇವರು ಅಷ್ಟು ದೂರ ಹೇಗೆ ಹೋದ್ರೇ?" ಅಂದರು. ಅವತ್ತೇ ತೀರ್ಮಾನ ಆಯ್ತು.

ಅಮ್ಮನಿಗೆ 64 ವರ್ಷ. ಮಂಡಿ ನೋವಿದೆ, ನಿಧಾನಕ್ಕೆ ನಡೆಯುತ್ತಾರೆ. ಮೊಟ್ಟೆ ಕೂಡ ಮುಟ್ಟದ ಸಸ್ಯಾಹಾರಿ. ನಮ್ಮಿಬ್ಬರಿಗೂ ಚೀನೀ ಭಾಷೆ ಒಂದಕ್ಷರ ಬರುವುದಿಲ್ಲ. ಹತ್ತಿರದ ದೊಡ್ಡ ಊರು ಷಿಯಾಮೆನ್‌ನಲ್ಲಿ ಉಳಿದು ಒಂದು ದಿನ ಹೋಗಿ ಬರೋದಾ, ಇಲ್ಲ ಅಲ್ಲೇ ಉಳಿಯೋದಾ? ವೀಸಾ, ಊಟ, ದುಡ್ಡು, ಎಲ್ಲದರ ಬಗ್ಗೆಯೂ ಹೇಳಿ. ಚಿಕ್ಕ ವಿಷಯ ಅಂತ ಬಿಡಬೇಡಿ.

ಜಿನ್‌ಜಿಯಾಂಗ್‌ವಾಸಿ

ನಿಮ್ಮ ಪೋಸ್ಟ್ ನೋಡಿ ತುಂಬಾ ಖುಷಿಯಾಯಿತು. ಶೂ ತಯಾರಿಕೆಯ ಕ್ವಾಲಿಟಿ ಕೆಲಸಕ್ಕೆ ನಾನು ಎರಡು ವರ್ಷ ಜಿನ್‌ಜಿಯಾಂಗ್‌ನಲ್ಲಿದ್ದೆ. ಅದು ಚ್ವಾನ್‌ಜೋ ಪಕ್ಕದಲ್ಲೇ ಇದೆ. ಭಾನುವಾರ ಬಂತೆಂದರೆ ಬಸ್ ಹತ್ತಿ ಲೀಚೆಂಗ್‌ಗೆ ಓಡುತ್ತಿದ್ದೆ.

ಮೊದಲು ಒಂದು ಮಾತು. ಅಲ್ಲಿ ಜಿಲ್ಲೆ ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಥರ ಅಲ್ಲ. ದೊಡ್ಡ ಊರಿನ ಒಂದು ಭಾಗ, ಅಷ್ಟೇ. ಬೆಂಗಳೂರಿಗೆ ಬಸವನಗುಡಿ ಹೇಗೋ ಚ್ವಾನ್‌ಜೋಗೆ ಲೀಚೆಂಗ್ ಹಾಗೆ ಅಂದುಕೊಳ್ಳಿ. ಹೆಸರಿನ ಅರ್ಥ ಕಾರ್ಪ್ ಮೀನಿನ ಊರು. ಹಳೇ ಊರಿನ ಆಕಾರ ಮೀನಿನ ಹಾಗಿತ್ತು ಅಂತ ಹೇಳುತ್ತಾರೆ.

ಎರಡನೆಯದು, ಊರಿನ ಹೆಸರು. ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಇಂಗ್ಲಿಷ್‌ನಲ್ಲಿ ಈ ಊರು ಕ್ಯೂ ಅಕ್ಷರದಿಂದ ಶುರುವಾಗುತ್ತದೆ, ಹೇಳುವುದು ಚ್ವಾನ್‌ಜೋ. ಜಿ ಅಕ್ಷರದಿಂದ ಶುರುವಾಗುವುದು ಗ್ವಾಂಗ್‌ಜೋ, ಅದು ಬೇರೆ ಪ್ರಾಂತ್ಯದ ದೊಡ್ಡ ನಗರ. ನಮ್ಮ ಜೊತೆಯವರೊಬ್ಬರಿಗೆ ಒಬ್ಬ ಏಜೆಂಟ್ ಗ್ವಾಂಗ್‌ಜೋದಲ್ಲಿ ಮೂರು ರಾತ್ರಿಗೆ ರೂಮ್ ಬುಕ್ ಮಾಡಿಕೊಟ್ಟಿದ್ದರು. ಚ್ವಾನ್‌ಜೋ ಸ್ಟೇಷನ್‌ನಲ್ಲಿ ಇಳಿದು ಟ್ಯಾಕ್ಸಿಯವರಿಗೆ ವಿಳಾಸ ತೋರಿಸಿದ ಮೇಲೇ ಗೊತ್ತಾಗಿದ್ದು. ಬುಕಿಂಗ್ ಕಾಗದದಲ್ಲಿ ಫೂಜಿಯಾನ್ ಅಂತ ಇದೆಯಾ ನೋಡಿ. ವಿಮಾನವಾದರೆ ಜೆಜೆಎನ್ ಅನ್ನೋ ಕೋಡ್ ನೋಡಿ. ಚೀನೀ ಅಕ್ಷರದಲ್ಲಿರುವ ಹೋಟೆಲ್ ವಿಳಾಸ ಫೋನಿನಲ್ಲಿ ಫೋಟೊ ಆಗಿ ಇರಲಿ, ಕಾಗದದಲ್ಲೂ ಇರಲಿ.

ಎಲ್ಲಿ ಉಳಿಯಬೇಕು ಅನ್ನೋದಕ್ಕೆ ನನ್ನದು ಒಂದೇ ಉತ್ತರ: ಲೀಚೆಂಗ್ ಒಳಗೆ, ಷೀಜಿಯೆ ಅಂದರೆ ಪಶ್ಚಿಮ ಬೀದಿಗೆ ನಡೆದು ಹೋಗುವಷ್ಟು ಹತ್ತಿರ. ಕಾರಣ ಆಮೇಲೆ ಬರೆಯುತ್ತೇನೆ, ಈಗ ಶಿಫ್ಟ್ ಇದೆ.

ವೀಕೆಂಡ್ ಸವಾರ

ನಾನು ಇದನ್ನು ಒಪ್ಪುವುದಿಲ್ಲ. ಷಿಯಾಮೆನ್‌ನಲ್ಲಿ ಉಳಿದುಕೊಳ್ಳಿ. ಸಮುದ್ರ ಇದೆ, ಒಳ್ಳೇ ಹೋಟೆಲ್ ಇವೆ, ಇಂಗ್ಲಿಷ್ ಸ್ವಲ್ಪ ನಡೆಯುತ್ತದೆ. ಷಿಯಾಮೆನ್ ನಾರ್ತ್ ಸ್ಟೇಷನ್‌ನಿಂದ ಚ್ವಾನ್‌ಜೋಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಬೆಳಗ್ಗೆ ಹೋಗಿ ದೇವಾಲಯ, ಮಸೀದಿ, ಮ್ಯೂಸಿಯಂ ನೋಡಿ ಸಂಜೆ ವಾಪಸ್. ನಾವು ಹಾಗೇ ಮಾಡಿದೆವು. ವಯಸ್ಸಾದವರಿದ್ದರೆ ಬ್ಯಾಗ್ ಎತ್ತಿಕೊಂಡು ಹೋಟೆಲ್ ಬದಲಾಯಿಸೋದು ಕಷ್ಟ ಅಲ್ವಾ?

ಗ್ರಾನೈಟ್ ಗೆಳೆಯ

ನಮಸ್ಕಾರರೀ. ನಾನು ಇಳಕಲ್ ಕಡೆಯವನು. ಕಲ್ಲಿನ ವ್ಯಾಪಾರಕ್ಕೆ ಹತ್ತಾರು ಸಲ ಆ ಭಾಗಕ್ಕೆ ಹೋಗಿದ್ದೇನೆ. ಚ್ವಾನ್‌ಜೋಗೆ ಸೇರಿದ ಶ್ವೇಟೋ ಅಂದರೆ ಕಲ್ಲಿನ ಪೇಟೆ. ನಮ್ಮ ಕಡೆಯ ಗ್ರಾನೈಟ್ ದಿಮ್ಮಿಗಳು ಅಲ್ಲಿಗೆ ಹೋಗುತ್ತವೆ.

ಸವಾರ ಅವರ ಮಾತಿನಲ್ಲಿ ಒಂದು ಬಿಟ್ಟುಹೋಗಿದೆ. ಅರ್ಧ ಗಂಟೆ ರೈಲಿನ ಒಳಗೆ ಮಾತ್ರ. ಷಿಯಾಮೆನ್ ಊರು ದ್ವೀಪದ ಮೇಲಿದೆ, ನಾರ್ತ್ ಸ್ಟೇಷನ್ ಇರುವುದು ದ್ವೀಪದ ಹೊರಗೆ. ಹೋಟೆಲ್‌ನಿಂದ ಅಲ್ಲಿಗೆ ಹೋಗಬೇಕು, ಬ್ಯಾಗ್ ತಪಾಸಣೆ, ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುವುದು, ಇಳಿದ ಮೇಲೆ ಮತ್ತೆ ಟ್ಯಾಕ್ಸಿ. ಹೋಗಿ ಬರೋದಕ್ಕೆ ಅರ್ಧ ದಿನ ಹೋಯಿತು. ಮಂಡಿ ನೋವಿರುವವರಿಗೆ ಸ್ಟೇಷನ್ನಿನಲ್ಲಿ ನಡೆಯುವುದೇ ದೊಡ್ಡ ಕಷ್ಟ, ಅಷ್ಟು ದೊಡ್ಡ ಸ್ಟೇಷನ್‌ಗಳು. ತಾಯಿಯವರನ್ನು ಅದೇ ದಾರಿಯಲ್ಲಿ ಎರಡು ಸಲ ಓಡಾಡಿಸಬೇಡಿ.

ಇನ್ನೊಂದು, ಟಿಕೆಟ್ ತಗೊಳ್ಳುವಾಗ ಸ್ಟೇಷನ್ ಹೆಸರು ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಫೂಜೋ–ಷಿಯಾಮೆನ್ ಹೊಸ ಹೈಸ್ಪೀಡ್ ಮಾರ್ಗ ಶುರುವಾದ ಮೇಲೆ ಚ್ವಾನ್‌ಜೋ ಈಸ್ಟ್, ಚ್ವಾನ್‌ಜೋ ಸೌತ್ ಅಂತ ಹೊಸ ಸ್ಟೇಷನ್‌ಗಳು ಬಂದಿವೆ. ಹಳೇ ಊರಿಗೆ ಹೋಗುವವರು ಸುಮ್ಮನೆ ಚ್ವಾನ್‌ಜೋ ಅಂತಿರುವುದಕ್ಕೇ ತಗೊಳ್ಳಿ. ಊರಿನಲ್ಲಿ ಮೆಟ್ರೊ ಇಲ್ಲ. ಸ್ಟೇಷನ್‌ನಿಂದ ಟ್ಯಾಕ್ಸಿಯೇ ಸರಿ.

ಟಿಕೆಟ್ ಸಾಮಾನ್ಯವಾಗಿ 15 ದಿನ ಮುಂಚೆ ಬಿಡುತ್ತಾರೆ. ಪಾಸ್‌ಪೋರ್ಟ್ ನಂಬರ್ ಮೇಲೇ ಟಿಕೆಟ್, ಕಾಗದ ಬೇಡ. ಆದರೆ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಬೇಕು. ನಮ್ಮ ಜನರಿಗೆ ಇನಿಷಿಯಲ್, ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿ ಗೊಂದಲ ಆಗುತ್ತದೆ. ವಿದೇಶಿಯರು ಸಿಬ್ಬಂದಿ ಇರುವ ಗೇಟಿನಲ್ಲಿ ಹೋಗಬೇಕು. 45 ನಿಮಿಷ ಮುಂಚೆ ಅಲ್ಲಿರಿ.

ತುಂಗಾತೀರ

ಅಯ್ಯೋ, ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇದೆ! ಈಗಲೇ ನೋಡಿಕೊಳ್ಳುತ್ತೇನೆ. ವೀಸಾ ಬಗ್ಗೆ ಯಾರಾದರೂ ಹೇಳಿ. 10 ದಿನ ವೀಸಾ ಇಲ್ಲದೆ ಹೋಗಬಹುದು ಅಂತ ಎಷ್ಟೊಂದು ವೀಡಿಯೊಗಳಲ್ಲಿ ನೋಡಿದೆ.

ಜಿನ್‌ಜಿಯಾಂಗ್‌ವಾಸಿ

ಆ ವೀಡಿಯೊಗಳನ್ನು ನಂಬಬೇಡಿ, ಅವು ನಮಗಲ್ಲ. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ 240 ಗಂಟೆ, ಅಂದರೆ 10 ದಿನ, ವೀಸಾ ಇಲ್ಲದೆ ಉಳಿಯಲು ಬಿಡುವ ಟ್ರಾನ್ಸಿಟ್ ರಿಯಾಯಿತಿ ಅದು, ಅದರ ಪಟ್ಟಿಯಲ್ಲಿ ಭಾರತ ಇಲ್ಲ. ನಮ್ಮ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಬೇಕೇ ಬೇಕು. ಬೆಂಗಳೂರಿನಲ್ಲಿ ಚೀನಾದ ಕಾನ್ಸುಲೇಟ್ ಇಲ್ಲ, ಕರ್ನಾಟಕದವರು ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ. ವಿಮಾನದ ಬುಕಿಂಗ್, ಹೋಟೆಲ್ ಬುಕಿಂಗ್, ದಿನದಿನದ ಯೋಜನೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದಕ್ಕೊಂದು ತಾಳೆಯಾಗಬೇಕು. ಹೋಟೆಲ್ ಬುಕಿಂಗ್ ರದ್ದು ಮಾಡುವಂಥದ್ದೇ ತಗೊಳ್ಳಿ. ಒಂದೂವರೆ ತಿಂಗಳ ಮುಂಚೆ ಶುರು ಮಾಡಿದರೆ ನೆಮ್ಮದಿ.

ದಾರಿ ಹೇಳುತ್ತೇನೆ. ಸಿಂಗಾಪುರ ಅಥವಾ ಕೌಲಾಲಂಪುರದ ಮೂಲಕ ಷಿಯಾಮೆನ್‌ಗೆ ಹೋಗಬಹುದು. ಕೋಲ್ಕತ್ತ, ದೆಹಲಿಯಿಂದ ಗ್ವಾಂಗ್‌ಜೋಗೆ ನೇರ ವಿಮಾನಗಳು 2025ರ ಕೊನೆಯಲ್ಲಿ ಮತ್ತೆ ಶುರುವಾದವು, ಅಲ್ಲಿಂದ ರೈಲು ಇದೆ. ಹಾಂಗ್‌ಕಾಂಗ್ ಮೂಲಕವೂ ಆಗುತ್ತದೆ. ಆದರೆ ವಿಮಾನ ನಿಲ್ದಾಣದಿಂದ ಹೊರಗೆ ಬರುವುದಾದರೆ ಭಾರತೀಯರು ಮುಂಚೆಯೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿರಬೇಕು. ಹಾಂಗ್‌ಕಾಂಗ್ ವೀಸಾ ಲೆಕ್ಕದಲ್ಲಿ ಬೇರೆ ಜಾಗ. ಚೀನಾ ಒಳಗೆ ಹೋಗಿ, ನಡುವೆ ಎರಡು ದಿನ ಹಾಂಗ್‌ಕಾಂಗ್ ನೋಡಿ, ಮತ್ತೆ ಚೀನಾಕ್ಕೆ ಬರುತ್ತೇನೆ ಅಂದರೆ ಒಂದೇ ಸಲ ಒಳಗೆ ಬಿಡುವ ಸಿಂಗಲ್ ಎಂಟ್ರಿ ವೀಸಾ ಮುಗಿದಿರುತ್ತದೆ. ಅಮ್ಮ ಇರುವುದರಿಂದ ನಾನಾದರೆ ಸಿಂಗಾಪುರದ ದಾರಿಯನ್ನೇ ಹಿಡಿಯುತ್ತೇನೆ, ಒಂದೇ ಕಡೆ ವಿಮಾನ ಬದಲಾವಣೆ.

ನೀವು ಆರಿಸಿಕೊಂಡ ತಿಂಗಳು ಚೆನ್ನಾಗಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತದ ಕಾಲ. ಅಕ್ಟೋಬರ್ 1ರಿಂದ 7ರವರೆಗೆ ಇಡೀ ಚೀನಾ ರಸ್ತೆಯ ಮೇಲಿರುತ್ತದೆ, ಆಗ ಪಶ್ಚಿಮ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಈಗ ಅಲ್ಲೇ ಯಾಕೆ ಉಳಿಯಬೇಕು ಅಂತ ಹೇಳುತ್ತೇನೆ. ದೇವಾಲಯ ಹುಟ್ಟಿದ್ದು 686ರಲ್ಲಿ. ಹೊರಗಿನ ಜನ ಬಸ್ಸು, ರೈಲಿನಲ್ಲಿ ಬಂದು ಸೇರುವುದು ಹತ್ತು ಗಂಟೆಯ ಮೇಲೆ. ಬೆಳಗ್ಗೆ ಬೇಗ ಹೋದರೆ ಅಲ್ಲಿ ಊರಿನವರೇ ಇರುತ್ತಾರೆ. ಅಜ್ಜಿಯಂದಿರು ಊದುಕಡ್ಡಿ ಹಿಡಿದು ನಿಂತಿರುತ್ತಾರೆ. ಆಲದ ಮರಗಳ ಕೆಳಗೆ ಗುಡಿಸುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎರಡೂ ಕಲ್ಲಿನ ಗೋಪುರಗಳು 13ನೇ ಶತಮಾನದವು, ಪೂರ್ವದ್ದು 48 ಮೀಟರ್, ಪಶ್ಚಿಮದ್ದು 44 ಮೀಟರ್. ಸಂಜೆ ದೀಪ ಹಾಕಿದ ಮೇಲೆ ಪಶ್ಚಿಮ ಬೀದಿಯ ಮಹಡಿಗಳಿಂದ ಅವನ್ನು ನೋಡಬೇಕು. ಬೆಳಗ್ಗೆ ಮತ್ತು ರಾತ್ರಿ, ಇವೆರಡೂ ಒಂದು ದಿನದಲ್ಲಿ ಹೋಗಿ ಬರುವವರಿಗೆ ಸಿಗುವುದಿಲ್ಲ. ನಡುಮಧ್ಯಾಹ್ನ ಅಮ್ಮ ರೂಮಿಗೆ ಬಂದು ಎರಡು ಗಂಟೆ ಮಲಗಬಹುದು. ಅದಕ್ಕೇ ಹೇಳಿದ್ದು.

ವೀಕೆಂಡ್ ಸವಾರ

ನಾವು ಹೋಗಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ತುಂಬಾ ಜನ. ನಿಜ ಹೇಳಬೇಕು ಅಂದರೆ ಹಿಂಬದಿಯ ಕಂಬಗಳನ್ನು ನಾವು ನೋಡಲೇ ಇಲ್ಲ, ಇವೆ ಅಂತಲೇ ಗೊತ್ತಿರಲಿಲ್ಲ. ನನ್ನ ಸಲಹೆ ವಾಪಸ್ ತಗೊಳ್ಳುತ್ತೇನೆ. ಅಲ್ಲೇ ಉಳಿಯಿರಿ.

ಹೊನ್ನಾವರದ ಹುಡುಗ

ನಾನು ಅಲ್ಲಿಗೆ ಹೋಗಿಲ್ಲ, ಆದರೆ ಈ ಊರಿನ ಬಗ್ಗೆ ಓದುತ್ತಲೇ ಇರುತ್ತೇನೆ. ಅರಬರು ಇದನ್ನು ಜೈತೂನ್ ಅನ್ನುತ್ತಿದ್ದರು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರು ನೋಡಿದವನು. ಆಮೇಲೆ ಇದೇ ಜೈತೂನ್‌ಗೂ ಹೋದ. ಅಲೆಕ್ಸಾಂಡ್ರಿಯಾಕ್ಕೆ ಒಂದು ಹಡಗು ಮೆಣಸು ಹೋದರೆ ಜೈತೂನ್‌ಗೆ ನೂರು ಬರುತ್ತವೆ ಅಂತ ಮಾರ್ಕೊ ಪೋಲೊ ಹೇಳಿದ್ದಾನೆ. ತುಂಗಾತೀರ ಅಕ್ಕನ ತಾಯಿ ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ದೇವರು ಹೋಗಿದ್ದು ವ್ಯಾಪಾರಿಗಳ ಜೊತೆ. 1281ರಲ್ಲಿ ತಮಿಳು ವ್ಯಾಪಾರಿಗಳು ಅಲ್ಲಿ ಶಿವಾಲಯಕ್ಕೆ ಬರೆಸಿದ ಶಾಸನ ಸಿಕ್ಕಿದೆ, ತಮಿಳಿನಲ್ಲೂ ಚೀನೀಯಲ್ಲೂ ಇದೆ. 14ನೇ ಶತಮಾನದ ಗಲಭೆಗಳ ಹೊತ್ತಿಗೆ ಆ ಗುಡಿಗಳೆಲ್ಲ ಹಾಳಾದವು. ಕಲ್ಲುಗಳು ಅಲ್ಲಲ್ಲಿ ಚೆಲ್ಲಿದವು. ಆಮೇಲೆ ಮಿಂಗ್ ರಾಜವಂಶದ ಕಾಲದಲ್ಲಿ ಬೌದ್ಧ ದೇವಾಲಯವನ್ನು ಮತ್ತೆ ಕಟ್ಟುವಾಗ ಎರಡು ಕಂಬಗಳನ್ನೂ ಕೆಲವು ಕೆತ್ತಿದ ಕಲ್ಲುಗಳನ್ನೂ ತಂದು ಸೇರಿಸಿದರು.

ಮುಖ್ಯ ಮಂದಿರದ ಮುಂದಿನ ಜಗಲಿಯ ಬುಡವನ್ನೂ ನೋಡಿ. ಮನುಷ್ಯನ ಮುಖ, ಸಿಂಹದ ಮೈ ಇರುವ ಕೆತ್ತನೆಗಳ ಸಾಲು ಇದೆ, ಎಪ್ಪತ್ತಕ್ಕೂ ಹೆಚ್ಚು. ಮುಂದೆ ನಿಂತು ಫೋಟೊ ತೆಗೆಯುವವರು ಬುಡ ನೋಡುವುದಿಲ್ಲ.

ಜೈತೂನ್ ಅನ್ನೋ ಹೆಸರು ಬಂದಿದ್ದು ಮರದಿಂದ. ಚೀನೀಯಲ್ಲಿ ತ್ಸಿಥೊಂಗ್, ನಮ್ಮ ಹಾಲುವಾಣ. ಊರ ಸುತ್ತ ಅದನ್ನು ನೆಟ್ಟಿದ್ದರಂತೆ. ನಮ್ಮಲ್ಲಿ ಹಾಲುವಾಣಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ನಮ್ಮ ಕರಾವಳಿಯ ಮೆಣಸು ಕೊನೆಗೆ ಹಾಲುವಾಣದ ಊರಿಗೇ ಹೋಗಿ ಸೇರುತ್ತಿತ್ತು ಅಂತ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ತುಂಗಾತೀರ

ತಮ್ಮಾ, ನಿನ್ನ ಪೋಸ್ಟ್ ಅಮ್ಮನಿಗೆ ಓದಿ ಹೇಳಿದೆ. ತೀರ್ಥಹಳ್ಳಿ ತವರಿನ ತೋಟದಲ್ಲಿ ಹಾಲುವಾಣ ಇತ್ತಂತೆ, ಮುಳ್ಳು ಚುಚ್ಚಿಸಿಕೊಂಡ ಕಥೆ ಶುರು ಮಾಡಿದರು. ಈಗ ಊಟದ ವಿಷಯ ಹೇಳಿ. ತುಪ್ಪದ ಡಬ್ಬಿ ಆಗಲೇ ಪ್ಯಾಕ್ ಮಾಡಲು ಹೊರಟಿದ್ದಾರೆ.

ಬೆಳ್ಳುಳ್ಳಿ ಬೇಡ

ತುಪ್ಪ ಬೇಡ, ನಿಲ್ಲಿಸಿ! ಹಾಲಿನ ಪದಾರ್ಥ, ಮಾಂಸ, ತಾಜಾ ಹಣ್ಣು-ತರಕಾರಿ, ಬೀಜ ಯಾವುದನ್ನೂ ಒಳಗೆ ಬಿಡುವುದಿಲ್ಲ. ಪೇಡವೂ ಹಾಲಿನದ್ದೇ, ಉಡುಗೊರೆಗೆ ಅಂತ ಅದನ್ನೂ ಒಯ್ಯಬೇಡಿ. ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ, ಖಾಖ್ರಾ ಇಂಥವು ಅಂಗಡಿಯ ಸೀಲ್ ಇರುವ ಪ್ಯಾಕೆಟ್‌ನಲ್ಲಿರಲಿ.

ನಾನು ಅತ್ತೆಯವರ ಜೊತೆ ಐದು ದಿನ ಇದ್ದೆ. ಆ ಊರಿನ ಊಟ ಅಂದರೆ ಸಿಂಪಿ, ಮೀನು, ಶುಂಠಿ ಹಾಕಿದ ಬಾತುಕೋಳಿ. ಬೀದಿಯಲ್ಲಿ ಕಾಣುವ ತೆಳ್ಳನೆ ಶಾವಿಗೆ ಗಂಜಿ ನೋಡಲು ನಮ್ಮ ಪಾಯಸದ ಹಾಗಿರುತ್ತದೆ, ಅದರಲ್ಲೂ ಸಮುದ್ರದ್ದೆಲ್ಲ ಇರುತ್ತದೆ. ತರಕಾರಿ ಅಂದರೆ ಸಾಲದು. ಸಿಂಪಿಯ ಸಾಸ್, ಹಂದಿಕೊಬ್ಬು ಹಾಕಿಯೇ ಬಾಡಿಸುತ್ತಾರೆ, ಅವರಿಗೆ ಅದು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ಕಲಿಯಬೇಕಾದ ಮಾತು ಒಂದೇ: "ವೋ ಛರ್ ಸೂ". ನಾನು ಸಸ್ಯಾಹಾರಿ ಅಂತ. ಆ ಸೂ ಅನ್ನೋ ಅಕ್ಷರವನ್ನು ದೊಡ್ಡದಾಗಿ ಬರೆಸಿ ಇಟ್ಟುಕೊಳ್ಳಿ. ಬೌದ್ಧರ ಸೂ ಊಟದಲ್ಲಿ ಮಾಂಸ, ಮೀನಿನ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಅತ್ತೆ ಏಕಾದಶಿ ಮಾಡುವವರು, ಅವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇರಲಿಲ್ಲ. ದೇವಾಲಯದ ಸುತ್ತಮುತ್ತ ಇಂಥ ಹೋಟೆಲ್‌ಗಳನ್ನು ಹುಡುಕಿ. ಮೊಟ್ಟೆ ಬೇಡ ಅಂತ ಬೇರೆಯಾಗಿ ಹೇಳಬೇಕು.

ಸಿಹಿಗೆ ಷರ್‌ಹ್ವಾಗಾವ್ ಅಂತ ಸಿಗುತ್ತದೆ. ಸಮುದ್ರದ ಪಾಚಿಯಿಂದ ಮಾಡಿದ ತಣ್ಣನೆ ಜೆಲ್ಲಿ, ಮೇಲೆ ಜೇನು, ಕೆಂಪು ಅವರೆ ಥರದ ಕಾಳು. ಕಡಲೆಕಾಯಿ ಬೀಜವನ್ನು ಬೆಣ್ಣೆಯ ಹಾಗೆ ಬೇಯಿಸಿದ ಸಿಹಿ ಸಾರೂ ಇದೆ. ಮೊಟ್ಟೆ ಒಡೆದು ಹಾಕುವವರಿದ್ದಾರೆ, ಮೊದಲೇ ಕೈ ಅಡ್ಡ ಹಿಡಿಯಿರಿ. ಎಲ್ಲ ಕಡೆ ಬಿಸಿನೀರು ಸಿಗುತ್ತದೆ, ಒಂದು ಫ್ಲಾಸ್ಕ್ ಒಯ್ಯಿರಿ. ನಲ್ಲಿ ನೀರು ಕುಡಿಯಬೇಡಿ. ಶೌಚಾಲಯ ಹೆಚ್ಚಾಗಿ ಕುಕ್ಕರಗಾಲಿನವು. ಮಂಡಿ ನೋವಿಗೆ ಅದು ಕಷ್ಟ, ಹಾಗಾಗಿ ದೊಡ್ಡ ಮಾಲ್ ಅಥವಾ ಮ್ಯೂಸಿಯಂನಲ್ಲಿ ಕಮೋಡ್ ಇರುವಲ್ಲೇ ಮುಗಿಸಿಕೊಳ್ಳಿ. ಟಿಶ್ಯೂ ಜೊತೆಗಿರಲಿ.

ಇನ್ನು ಉಳಿಯುವ ಜಾಗ. ನಾವು ಬುಕ್ ಮಾಡಿದ್ದ ಒಂದು ಹಳೇ ಮನೆಯ ಹೋಮ್‌ಸ್ಟೇಯವರು ರಾತ್ರಿ ಹತ್ತಕ್ಕೆ ನಮ್ಮ ಪಾಸ್‌ಪೋರ್ಟ್ ನೋಡಿ ಆಗುವುದಿಲ್ಲ ಅಂದರು. ವಿದೇಶಿಯರ ವಿವರ ಪೊಲೀಸರಿಗೆ ಕೊಡುವ ವ್ಯವಸ್ಥೆ ಅವರಿಗೆ ಗೊತ್ತಿರಲಿಲ್ಲ. ಅತ್ತೆ ಬೀದಿಯಲ್ಲಿ ಸೂಟ್‌ಕೇಸ್ ಮೇಲೆ ಕುಳಿತಿದ್ದು ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ. ಬುಕ್ ಮಾಡುವ ಮೊದಲು ಭಾರತದ ಪಾಸ್‌ಪೋರ್ಟ್ ನಡೆಯುತ್ತದಾ ಅಂತ ಮೆಸೇಜ್ ಮಾಡಿ, ಉತ್ತರ ಉಳಿಸಿಕೊಳ್ಳಿ. ಲಿಫ್ಟ್ ಇದೆಯಾ ಅಂತಲೂ ಕೇಳಿ. ಹಳೇ ಮನೆಗಳಲ್ಲಿ ಮರದ ಕಡಿದಾದ ಮೆಟ್ಟಿಲು.

ಗ್ರಾನೈಟ್ ಗೆಳೆಯ

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಅಲ್ಲಿನವರು ಹಣ ಕೊಡಲು ಬಳಸುವ ಅಲಿಪೇ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಿ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡ್ ಸೇರಿಸುವುದೆಲ್ಲ ಬೆಂಗಳೂರಿನಲ್ಲೇ ಆಗಬೇಕು. ರುಪೇ ಕಾರ್ಡ್ ನಂಬಿಕೊಂಡು ಹೋಗಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ. 200 ಯುವಾನ್ ಒಳಗಿನ ಪಾವತಿಗೆ ಅಲಿಪೇ ಶುಲ್ಕ ಇಲ್ಲ, ಮೇಲಾದರೆ ಶೇ. 3. ಒಟಿಪಿ ಬರಬೇಕಲ್ಲ, ಭಾರತದ ಸಿಮ್‌ಗೆ ರೋಮಿಂಗ್ ಇರಲಿ. ರಸ್ತೆ ಬದಿಯ ಕೆಲವು ಅಜ್ಜಂದಿರ ಕ್ಯೂಆರ್‌ಗೆ ನಮ್ಮ ಕಾರ್ಡ್‌ನಿಂದ ಹಣ ಹೋಗುವುದಿಲ್ಲ. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಜೇಬಿನಲ್ಲಿರಲಿ.

ಹೋಟೆಲ್ ವೈಫೈನಲ್ಲಿ ವಾಟ್ಸಾಪ್, ಗೂಗಲ್, ಯೂಟ್ಯೂಬ್ ಬರುವುದಿಲ್ಲ. ರೋಮಿಂಗ್ ಡೇಟಾದಲ್ಲಿ ಬರುತ್ತವೆ. ದಾರಿಗೆ ಅಮ್ಯಾಪ್ ಹಾಕಿಕೊಳ್ಳಿ, ಇಂಗ್ಲಿಷ್ ಇದೆ. ಅನುವಾದದ ಆ್ಯಪ್‌ಗೆ ಚೀನೀ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಚೀನಾದೊಳಗೆ ವಿಮಾನ ಹತ್ತುವುದಿದ್ದರೆ ಪವರ್‌ಬ್ಯಾಂಕ್ ಮೇಲೆ 3ಸಿ ಅನ್ನೋ ಚೀನಾದ ಸುರಕ್ಷತಾ ಗುರುತು ಇರಬೇಕು, 2025ರ ಜೂನ್‌ನಿಂದ ಈ ನಿಯಮ ಇದೆ. ಇಲ್ಲಿಂದ ಒಯ್ದದ್ದನ್ನು ಕಿತ್ತುಕೊಳ್ಳುತ್ತಾರೆ.

ಒಂದು ಆಸೆ ಹೇಳಲಾ? ಆನ್‌ಪಿಂಗ್ ಸೇತುವೆ ನೋಡಿ ಬನ್ನಿ, ಶ್ವೇಟೋ ಪಕ್ಕದಲ್ಲೇ ಇದೆ. 12ನೇ ಶತಮಾನದ್ದು, ಪೂರ್ತಿ ಕಲ್ಲು, ಎರಡು ಕಿಲೋಮೀಟರ್ ಉದ್ದ. ಕೆಲಸ ಮುಗಿದ ಸಂಜೆ ನಾನು ಅಲ್ಲಿ ಹೋಗಿ ಕೂರುತ್ತೇನೆ. ಕಲ್ಲಿನ ಹಲಗೆಗಳ ಅಂಚು ಜನರ ಕಾಲಿಗೆ ಸವೆದು ದುಂಡಗಾಗಿದೆ. ಹತ್ತು ಟನ್ ದಿಮ್ಮಿ ಎತ್ತಲು ಕ್ರೇನ್ ಇದ್ದರೂ ನಾವು ಒದ್ದಾಡುತ್ತೇವೆ. ಅವರು ಹೇಗೆ ಇಟ್ಟರೋ ಅಂತ ಪ್ರತಿ ಸಲ ಮುಟ್ಟಿ ನೋಡುತ್ತೇನೆ. ತಾಯಿಯವರಿಗೆ ಪೂರ್ತಿ ನಡೆಯಲು ಆಗದಿದ್ದರೆ ಒಂದು ತುದಿಯಲ್ಲಿ ಕುಳಿತರೂ ಸಾಕು.

ಜಿನ್‌ಜಿಯಾಂಗ್‌ವಾಸಿ

ಆನ್‌ಪಿಂಗ್ ದೂರ, ಅದಕ್ಕೆ ಅರ್ಧ ದಿನ ಬೇಕು. ನಾಲ್ಕು ದಿನದಲ್ಲಿ ಅದನ್ನೋ ಲ್ವೋಯಾಂಗ್ ಸೇತುವೆಯನ್ನೋ ಒಂದನ್ನು ಆರಿಸಿ. ಲ್ವೋಯಾಂಗ್ ಹತ್ತಿರ. 1053ರಿಂದ 1059ರವರೆಗೆ ಕಟ್ಟಿದ್ದು. ಬುಡದ ಕಲ್ಲುಗಳು ಅಲುಗದಿರಲಿ ಅಂತ ಅವುಗಳ ಮೇಲೆ ಸಿಂಪಿ ಬೆಳೆಸಿದ್ದರು. ನೀರಿಳಿದಾಗ ಹೋದರೆ ಅಂಟಿಕೊಂಡ ಚಿಪ್ಪುಗಳು ಕಣ್ಣಿಗೆ ಕಾಣುತ್ತವೆ.

ಸಾಗರ ಸಂಪರ್ಕ ಮ್ಯೂಸಿಯಂ ಸೋಮವಾರ ರಜೆ. ಗುಡಿಗಳಿಂದ ಬಿದ್ದ ಹಿಂದೂ ಕಲ್ಲುಗಳು ಅಲ್ಲಿವೆ. ಇನ್ನು ಕೈಯುವಾನ್ ಆವರಣದಲ್ಲೇ ಹಳೇ ಹಡಗಿನ ಕಟ್ಟಡ ಇದೆ. 1974ರಲ್ಲಿ ಕೊಲ್ಲಿಯ ಕೆಸರಿನಿಂದ ಅಗೆದು ತೆಗೆದ ಸೋಂಗ್ ರಾಜವಂಶದ ಕಾಲದ ಹಡಗು. ಅದರೊಳಗೆ ಸುಗಂಧದ ಕಟ್ಟಿಗೆ ಸಿಕ್ಕಿತ್ತು, ಕಾಳುಮೆಣಸೂ ಸಿಕ್ಕಿತ್ತು. ಹೊನ್ನಾವರದ ತಮ್ಮ, ನೀವು ಒಮ್ಮೆ ಹೋಗಲೇಬೇಕು.

ತೂಮೆನ್ ಬೀದಿಯಲ್ಲಿ 1009ರ ಮಸೀದಿ, ಅದರ ಹತ್ತಿರದಲ್ಲೇ ಗ್ವಾನ್‌ದಿ ದೇವರ ಗುಡಿ. ಒಂದು ಮಧ್ಯಾಹ್ನಕ್ಕೆ ಎರಡೂ ಆಗುತ್ತವೆ. ಹಳೇ ಊರಿನೊಳಗೆ ಚಿಕ್ಕ ಬಿಳಿ ಬಸ್ಸು ಓಡುತ್ತದೆ, ಅಮ್ಮನನ್ನು ಅದರಲ್ಲೇ ಕರೆದುಕೊಂಡು ಹೋಗಿ. ಬ್ಯಾಟರಿ ಸ್ಕೂಟರ್‌ಗಳು ಮಾತ್ರ ಜೋಪಾನ. ಸದ್ದೇ ಇಲ್ಲದೆ ಹಿಂದಿನಿಂದ ಬರುತ್ತವೆ, ಫುಟ್‌ಪಾತ್ ಮೇಲೂ ಬರುತ್ತವೆ. ಅಮ್ಮ ಗೋಡೆಯ ಕಡೆ ನಡೆಯಲಿ, ನೀವು ಹೊರಗಿನ ಕಡೆ.

ತುಂಗಾತೀರ

ಹೋಗಿ ಬಂದೆವು. ಸಾಮಾನು ಬಿಚ್ಚುವ ಮೊದಲೇ ಬರೆಯುತ್ತಿದ್ದೇನೆ.

ಲೀಚೆಂಗ್‌ನಲ್ಲಿ ನಾಲ್ಕು ರಾತ್ರಿ ಇದ್ದೆವು, ಲಿಫ್ಟ್ ಇರುವ ಸಾಧಾರಣ ಹೋಟೆಲ್. ಸೇತುವೆಗಳಲ್ಲಿ ಲ್ವೋಯಾಂಗ್ ಮಾತ್ರ ಆಯ್ತು, ಗ್ರಾನೈಟ್ ಅಣ್ಣ ಕ್ಷಮಿಸಿ. ಎರಡನೇ ದಿನ ಅಮ್ಮನ ಕಾಲು ಊದಿತು, ಅವತ್ತು ಎಲ್ಲೂ ಹೋಗಲಿಲ್ಲ. ಹೋಟೆಲ್ ಪಕ್ಕದ ಚಹಾ ಅಂಗಡಿಯವರು ಕುರ್ಚಿ ಹಾಕಿ ಕೂರಿಸಿ, ಚಿಕ್ಕ ಚಿಕ್ಕ ಬಟ್ಟಲಿನಲ್ಲಿ ಆನ್‌ಷೀಯ ಚಹಾ ಬಗ್ಗಿಸುತ್ತಲೇ ಇದ್ದರು. ಹಾಲಿಲ್ಲ, ಸಕ್ಕರೆ ಇಲ್ಲ. ಅಮ್ಮ ಒಂಬತ್ತು ಬಟ್ಟಲು ಕುಡಿದರು.

ಕೈಯುವಾನ್‌ಗೆ ಮೂರು ಬೆಳಗ್ಗೆ ಹೋದೆವು. ಕಂಬಗಳು ಮುಖ್ಯ ಮಂದಿರದ ಹಿಂದಿನ ಪಡಸಾಲೆಯಲ್ಲಿವೆ, ಉತ್ತರ ದಿಕ್ಕು, ಹಾಗಾಗಿ ನೇರ ಬಿಸಿಲು ಬೀಳುವುದಿಲ್ಲ. ಕಪ್ಪು-ಹಸಿರು ಕಲ್ಲು. ಕೆತ್ತನೆಗಳು ಅಂಗೈಗಿಂತ ಸ್ವಲ್ಪ ದೊಡ್ಡ ದುಂಡನೆ ಚೌಕಟ್ಟಿನೊಳಗೆ ಇವೆ, ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ. ಅಮ್ಮನಿಗೆ ಮೊದಲು ಕಂಡಿದ್ದು ನರಸಿಂಹ. ಆಮೇಲೆ ಗಜೇಂದ್ರನನ್ನು ಹುಡುಕಿದರು. ಒರಳು ಎಳೆದುಕೊಂಡು ಎರಡು ಮರಗಳ ನಡುವೆ ಹೋಗುವ ಕೃಷ್ಣನನ್ನು ತೋರಿಸಿ "ಇಲ್ನೋಡು, ಇಲ್ನೋಡು" ಅಂತ ನನ್ನ ಕೈ ಹಿಡಿದು ಎಳೆದರು.

ಅಲ್ಲಿ ಊದುಕಡ್ಡಿ ಹಿಡಿದ ಒಬ್ಬ ಅಜ್ಜಿ ನಮ್ಮನ್ನೇ ನೋಡುತ್ತಿದ್ದರು. ಹತ್ತಿರ ಬಂದು, ಅಮ್ಮ ಬೆರಳು ಮಾಡಿದ್ದ ನರಸಿಂಹನ ಕಡೆ ತಾವೂ ಬೆರಳು ಮಾಡಿ ಏನೋ ಕೇಳಿದರು. ಅದು ಯಾರು ಅಂತ ಕೇಳಿದ್ದು, ಅನುವಾದದ ಆ್ಯಪ್ ಹೇಳಿತು. ಅಮ್ಮ ನನ್ನ ಕಡೆ ತಿರುಗದೆ ನೇರ ಅಜ್ಜಿಗೇ ಕನ್ನಡದಲ್ಲಿ ಪ್ರಹ್ಲಾದನ ಕಥೆ ಶುರು ಮಾಡಿದರು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ವಾಕ್ಯ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಚೀನೀಗೆ ತಿರುಗಿಸಿ ತೋರಿಸುತ್ತಾ ಹೋದೆ. ಕಂಬ ಒಡೆದು ಬಂದ ಅನ್ನುವಲ್ಲಿ ಅಜ್ಜಿ ಆ ಕಂಬವನ್ನೇ ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ತಮ್ಮ ಕಟ್ಟಿನಿಂದ ಮೂರು ಊದುಕಡ್ಡಿ ತೆಗೆದು ಅಮ್ಮನ ಕೈಗೆ ಕೊಟ್ಟರು. ಹಚ್ಚುವ ಜಾಗ ಮುಂದಿನ ಅಂಗಳದಲ್ಲಿ. ಇಬ್ಬರೂ ನಿಧಾನಕ್ಕೆ ನಡೆದು ಹೋದರು.